ಕಲ್ಲಿಗೂ ಒಂದು ಇನಿಷಿಯಲ್

ಶ್ರೀಪೆರಂಬುದೂರು ಎಂದರೆ ಚೆನ್ನೈ ಕನ್ನಡಿಗರಿಗೆ ಎರಡು ವಿಷಯ ನೆನಪಾಗುತ್ತವೆ. ಒಂದು, ನಮ್ಮ ಮೇಲುಕೋಟೆಗೆ ಬಂದು ನೆಲೆಸಿದ್ದ ರಾಮಾನುಜಾಚಾರ್ಯರು ಹುಟ್ಟಿದ ಊರು. ಇನ್ನೊಂದು, ಬೆಂಗಳೂರು ಹೆದ್ದಾರಿಯ ಬದಿಯ ಕಾರ್ಖಾನೆಗಳು. ಭೂವಿಜ್ಞಾನಿಗಳಿಗೆ ಅದು ಕಲ್ಲಿನ ಹೆಸರೂ ಹೌದು.

ಆ ಕಲ್ಲು ಶೇಲ್. ನೀರಿನ ತಳದಲ್ಲಿ ಕೂತ ನುಣುಪು ಜೇಡಿಮಣ್ಣು, ಮೇಲಿನ ಭಾರಕ್ಕೆ ಒತ್ತಿಕೊಂಡು ಕಲ್ಲಾದದ್ದು. ಚಿರೋಟಿಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಆ ಪದರಗಳಲ್ಲಿ ಗಿಡಗಳ ಎಲೆಯ ಅಚ್ಚೂ ಸಿಕ್ಕಿದೆ, ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಗುರುತೂ ಸಿಕ್ಕಿದೆ. ಎಲೆ, ಚಿಪ್ಪು ಎರಡೂ ಒಟ್ಟಿಗಿದ್ದರೆ ಅದು ಕಡಲತೀರದ ಜಾಗ. ಅಂದರೆ 10 ಕೋಟಿ ವರ್ಷಗಳಿಗೂ ಹಿಂದೆ, ಡೈನೋಸಾರ್‌ಗಳ ಕಾಲದಲ್ಲಿ, ಇಂದು ಮರೀನಾದಿಂದ ಸುಮಾರು 40 ಕಿ.ಮೀ. ಒಳಗಿರುವ ಆ ಊರಿನ ತನಕ ಕಡಲು ಬಂದಿತ್ತು.

ಹೆಸರಿಟ್ಟವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿದವರೂ ಇವರೇ. ಮದ್ರಾಸಿನ ಸುತ್ತಲಿನ ನೆಲವನ್ನು ಅಳೆದು ಬರೆದಾಗ ಈ ಪದರಗಳನ್ನು 'ಶ್ರೀಪೆರ್ಮತೂರ್' ಎಂದು ಕರೆದರು. ಇಂಗ್ಲಿಷ್ ಕಿವಿಗೆ ಊರಿನ ಹೆಸರು ಕೇಳಿಸಿದ್ದು ಹಾಗೆ! ಮೇಲಿನ ಒರಟು ಪದರಗಳಿಗೆ ಸತ್ಯವೇಡಿನ ಹೆಸರು ಬಂತು. ಇದೇ ಫೂಟ್ 1880ರ ದಶಕದಲ್ಲಿ ಚಿನ್ನ ಸಿಗುವ ಶಿಲಾಸಮೂಹಕ್ಕೆ ನಮ್ಮ ಧಾರವಾಡದ ಹೆಸರಿಟ್ಟರು. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಧಾರವಾಡವನ್ನು ಬಲ್ಲರು.

ಕಲ್ಲು ಚೆನ್ನಾಗಿ ಕಾಣುವ ಊರಿನ ಹೆಸರನ್ನೇ ಅದಕ್ಕೆ ಇಡುವುದು ರೂಢಿ. ನಮ್ಮ ಇನಿಷಿಯಲ್ ಪದ್ಧತಿಯೂ ಇದೇ ಅಲ್ಲವೇ? ಊರು ಮೊದಲು, ಹೆಸರು ಆಮೇಲೆ. ಕಲ್ಲಿನ ಹೆಸರು ಅದರ ವಿಳಾಸ: ಅನುಮಾನ ಬಂದರೆ ಆ ಊರಿಗೆ ಹೋಗಿ ನೋಡಬಹುದು.

ಆದರೆ ಶೇಲ್ ಮೆದು ಕಲ್ಲು. ಬೆಟ್ಟವಾಗಿ ಎದ್ದು ನಿಲ್ಲುವುದಿಲ್ಲ; ಬಾವಿ, ಕಾಲುವೆ ತೋಡಿದ ಕಡೆ ಇಣುಕುತ್ತದೆ. ಅದರ ಮೇಲೆ ಕಾಂಕ್ರೀಟ್ ಬಿದ್ದರೆ ವಿಳಾಸ ಉಳಿದು ಮನೆ ಮರೆಯಾಗುತ್ತದೆ. ಕಾರ್ಖಾನೆ ಬೇಡ ಎನ್ನುತ್ತಿಲ್ಲ, ನಮ್ಮಲ್ಲಿ ಎಷ್ಟೋ ಮನೆಗಳ ಅನ್ನ ಅಲ್ಲಿದೆ. ಕಲ್ಲು ಕಾಣುವ ಒಂದೆರಡು ಜಾಗಕ್ಕೆ ಬೇಲಿ ಹಾಕಿ, ಫಲಕ ಇಟ್ಟು ಉಳಿಸಿದರೆ ಸಾಕು. ಸಂಘದಿಂದ ಒಂದು ಮನವಿ ಕೊಡೋಣ.

ಹಾಗೆಯೇ ಇವತ್ತು ಮನೆಗೆ ಹೋಗಿ ಮಕ್ಕಳನ್ನು ಕೇಳಿ: ನಿನ್ನ ಹೆಸರಿನ ಮುಂದಿನ ಅಕ್ಷರ ಯಾವ ಊರು? ಗೊತ್ತಿಲ್ಲ ಎಂದರೆ, ಮುಂದಿನ ರಜೆಗೆ ಅಲ್ಲಿಗೆ ಕರೆದುಕೊಂಡು ಹೋಗಿ.