ಮೊಬೈಲು ತೋರಿಸುವ ಜಾಗವನ್ನು ಎಷ್ಟು ನಂಬಬೇಕು?

(ಪರ್ಕಳದ ರೈತರ ಸಭೆಯಲ್ಲಿ ಮಾಡಿದ ಭಾಷಣ)



2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ಮೊಬೈಲ್ ಆ್ಯಪ್ ಮೂಲಕ ತಮ್ಮ ಬೆಳೆ ಸಮೀಕ್ಷೆ ಮಾಡಿಕೊಳ್ಳುವ ಅವಕಾಶ ಬಂದಿರುವುದು ತಮಗೆ ತಿಳಿದೇ ಇದೆ. ಬೆಳೆಯ ಚಿತ್ರದೊಂದಿಗೆ ಸ್ಥಳವೂ ದಾಖಲಾಗುತ್ತದೆ. ಬೆಳೆ ವಿಮೆಗೆ, ಬೆಳೆಹಾನಿ ಪರಿಹಾರಕ್ಕೆ ಈ ದಾಖಲೆಯನ್ನು ನೋಡುತ್ತಾರೆ. ನಾವು ಅಡಿಕೆ ತೋಟದಲ್ಲಿ ನಿಂತಿರುವಾಗ ಮೊಬೈಲು ನೆರೆಯವರ ಗದ್ದೆಯನ್ನು ತೋರಿಸಿದರೆ ತೊಂದರೆ ನಮಗೇ.

ಮೊಬೈಲು ಸ್ಥಳವನ್ನು ಮೂರು ಮೂಲಗಳಿಂದ ತಿಳಿಯುತ್ತದೆ. ಮೊದಲನೆಯದು ಉಪಗ್ರಹಗಳ ಸಂಕೇತ, ಅಂದರೆ ಜಿಪಿಎಸ್. ಬಯಲಿನಲ್ಲಿ ಇದರ ತಪ್ಪು ಸಾಮಾನ್ಯವಾಗಿ 5 ಮೀಟರ್ ಆಸುಪಾಸು. ದಟ್ಟ ತೋಟದಲ್ಲಿ, ಗುಡ್ಡದ ಮಗ್ಗುಲಲ್ಲಿ, ಮನೆಯೊಳಗೆ ತಪ್ಪು ಹೆಚ್ಚುತ್ತದೆ. ಎರಡನೆಯದು ಹತ್ತಿರದ ವೈಫೈ; ಇದರಲ್ಲಿ ಹತ್ತಾರು ಮೀಟರ್ ವ್ಯತ್ಯಾಸ ಬರಬಹುದು. ಮೂರನೆಯದು ಮೊಬೈಲ್ ಟವರು. ಇದನ್ನೇ ನಂಬಿದರೆ ನೂರಾರು ಮೀಟರ್, ಕೆಲವೊಮ್ಮೆ ಕಿಲೋಮೀಟರುಗಟ್ಟಲೆ ತಪ್ಪಬಹುದು.

ಸ್ಥಳದ ಜೊತೆಗೆ ‘ಇಷ್ಟು ಮೀಟರ್ ತಪ್ಪಿರಬಹುದು’ ಎಂಬ ಅಂದಾಜನ್ನೂ ಫೋನು ಆ್ಯಪ್‌ಗೆ ಕೊಡುತ್ತದೆ. ನಕ್ಷೆಯಲ್ಲಿ ನೀಲಿ ಚುಕ್ಕಿಯ ಸುತ್ತ ಕಾಣುವ ತಿಳಿನೀಲಿ ವೃತ್ತವೇ ಅದು. ಆಂಡ್ರಾಯ್ಡ್ ಫೋನುಗಳಲ್ಲಿ ನಿಜವಾದ ಜಾಗವು ಈ ವೃತ್ತದೊಳಗೆ ಇರುವ ಸಂಭವ ನೂರಕ್ಕೆ 68 ಮಾತ್ರ. ಅಂದರೆ ಮೂರು ಸಲದಲ್ಲಿ ಒಂದು ಸಲ ಹೊರಗೂ ಇರಬಹುದು. ಆ್ಯಪ್ ತಯಾರಿಸುವವರು ಈ ಅಂದಾಜನ್ನು ಮುಚ್ಚಿಡದೆ ರೈತನ ಕಣ್ಣಿಗೆ ಕಾಣುವಂತೆ ತೋರಿಸಬೇಕು. ತಪ್ಪು ಹೆಚ್ಚಿದ್ದಾಗ ‘ಸ್ವಲ್ಪ ಕಾಯಿರಿ’ ಎನ್ನಬೇಕು. ಅಕ್ಷಾಂಶ, ರೇಖಾಂಶಗಳ ದಶಮಾಂಶದ ನಂತರ ಆರು ಅಂಕಿಗಳಿದ್ದ ಮಾತ್ರಕ್ಕೆ ಲೆಕ್ಕ ನಿಖರವೆಂದು ತಿಳಿಯಬಾರದು. ಆರನೆಯ ಅಂಕಿ ಒಂದು ಗೇಣಿಗಿಂತಲೂ ಕಡಿಮೆ ದೂರ. ಫೋನಿಗೆ ಅಷ್ಟು ಸೂಕ್ಷ್ಮತೆ ಇಲ್ಲ.

ನಮ್ಮ ಹಿಡುವಳಿಗೆ ಇದನ್ನು ಹೋಲಿಸಿ ನೋಡೋಣ. 10 ಸೆಂಟ್ಸ್ ಜಾಗ ಚೌಕವಾಗಿದ್ದರೆ ಒಂದು ಬದಿ ಸುಮಾರು 20 ಮೀಟರ್. ನಡುವೆ ನಿಂತರೆ ಗಡಿ 10 ಮೀಟರ್ ದೂರ. ಫೋನಿನ ತಪ್ಪು 5 ಮೀಟರ್ ಆದರೆ ಅಡ್ಡಿಯಿಲ್ಲ. 25 ಮೀಟರ್ ಆದರೆ ಆ ಚುಕ್ಕಿಯನ್ನು ನಂಬುವಂತಿಲ್ಲ.

ಆದುದರಿಂದ ಈ ಕ್ರಮಗಳನ್ನು ಅನುಸರಿಸಿರಿ:

1. ಫೋನಿನಲ್ಲಿ ಆ್ಯಪ್‌ಗೆ ‘ನಿಖರ ಸ್ಥಳ’ದ ಅನುಮತಿ ಕೊಡಿರಿ. ‘ಅಂದಾಜು ಸ್ಥಳ’ವೆಂದರೆ ಸುಮಾರು 3 ಚದರ ಕಿಲೋಮೀಟರ್ ವ್ಯಾಪ್ತಿ.

2. ಹುಣಿಯ ಮೇಲಲ್ಲ, ಜಾಗದ ನಡುವೆ, ಆಕಾಶ ಕಾಣುವಲ್ಲಿ ನಿಲ್ಲಿರಿ. ವೃತ್ತ ಕಿರಿದಾಗುವವರೆಗೆ ಒಂದೆರಡು ನಿಮಿಷ ಕಾಯಿರಿ.

3. ಮೊದಲು ಫೋನನ್ನು ಪರೀಕ್ಷಿಸಿರಿ. ನಿಮಗೆ ಖಚಿತವಾಗಿ ಗೊತ್ತಿರುವ ಗಡಿಕಲ್ಲಿನ ಬಳಿ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ನಿಂತು ನೋಡಿರಿ. ಒಂದೇ ಕಡೆ ಚುಕ್ಕಿ ಬಿದ್ದರೆ ಸಾಲದು. ಕಲ್ಲಿನ ಹತ್ತಿರವೇ ಬೀಳಬೇಕು.

4. ದಾಖಲಾದ ವಿವರವನ್ನು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದಲ್ಲಿ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿರಿ.

ಕೊನೆಯದಾಗಿ ಒಂದು ಮಾತು. ‘ದಿಶಾಂಕ್’ ಆ್ಯಪ್ ನಾವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ, ಬಹಳ ಉಪಯುಕ್ತ. ಆದರೆ ಫೋನಿನ ತಪ್ಪಿನ ಜೊತೆಗೆ ನಕ್ಷೆಯ ತಪ್ಪೂ ಸೇರಬಹುದು. ಅದನ್ನು ತೋರಿಸಿ ನೆರೆಯವರೊಡನೆ ಜಗಳಕ್ಕೆ ಇಳಿಯಬೇಡಿರಿ. ಗಡಿಯನ್ನು ಅಳೆಯಬೇಕಾದವರು ಸರ್ವೆಯರು, ಮೊಬೈಲಲ್ಲ.