ಅಂಗಳದಲ್ಲಿ ಕಾಡಿನ ಹೂ: ಸಾಲಕ್ಕಿಂತ ಮೊದಲು ನೂರು ಬೀಜ

(ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ಸ್ವಸಹಾಯ ಸಂಘಗಳ ಸದಸ್ಯರ ತರಬೇತಿಯಲ್ಲಿ ಸಿಸ್ಟರ್ ಒಬ್ಬರು ಮಾಡಿದ ಭಾಷಣದ ಬರಹರೂಪ)



ಇವತ್ತು ಹೂವಿನ ಬಗ್ಗೆ ಮಾತಾಡೋಣ. ಮಲ್ಲಿಗೆ, ಸೇವಂತಿಗೆ, ಚೆಂಡುಹೂವಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಹೇಳುವುದು ಜಾಂಬೋಟಿ, ಕಣಕುಂಬಿ, ನಾಗರಗಾಳಿ, ಲೋಂಡಾ ಕಡೆ ಮಳೆಗಾಲದಲ್ಲಿ ಕಾಡಿನ ಅಂಚಿಗೆ ತಾವೇ ಹುಟ್ಟಿ, ತಾವೇ ಅರಳಿ ಹೋಗುವ ಹೂಗಳ ಬಗ್ಗೆ.

ಕೆಲವು ಸಂಘಗಳಲ್ಲಿ ಒಂದು ವಿಚಾರ ಬಂದಿದೆ. ಖಾನಾಪುರದವರು ಈ ಗಿಡ ಬೆಳೆಸಿ ಕೊಡಬೇಕು, ಬೆಳಗಾವಿಯ ಸದಸ್ಯರು ಅವನ್ನು ಮನೆ ಮನೆಗೆ ಮಾರಬೇಕು, ಅದಕ್ಕೆ ಸಂಘದಿಂದ ಸಾಲ ತೆಗೆಯಬೇಕು ಅಂತ. ವಿಚಾರ ಒಳ್ಳೆಯದೇ. ಹಿತ್ತಲು, ನೆರಳು, ಗೊಬ್ಬರ ಹಳ್ಳಿಯಲ್ಲಿವೆ. ಕೊಳ್ಳುವವರು ಪೇಟೆಯಲ್ಲಿದ್ದಾರೆ. ಆದರೆ ಈ ಕೆಲಸಕ್ಕೆ ಎರಡು ದಾರಿಗಳಿವೆ. ಒಂದು, ಕಾಡಿಗೆ ಹೋಗಿ ಗಿಡ, ಗಡ್ಡೆ ಅಗೆದು ತಂದು ಕುಂಡಿಯಲ್ಲಿಟ್ಟು ಮಾರುವುದು. ಇದರಿಂದ ಈ ವರ್ಷ ದುಡ್ಡು ಬರತದ. ಮುಂದಿನ ವರ್ಷ ಅಗೆಯಲಿಕ್ಕೆ ಗಿಡವೇ ಇರೋದಿಲ್ಲ. ಇನ್ನೊಂದು, ಬೀಜದಿಂದ ಬೆಳೆಸುವುದು. ಇದು ನಿಧಾನ, ಆದರೆ ಕಾಡೂ ಉಳಿಯುತ್ತದೆ, ನಿಮ್ಮ ಕೆಲಸವೂ ಉಳಿಯುತ್ತದೆ.

ಬೀಜದ ದಾರಿಯಲ್ಲಿ ಒಂದು ತೊಡಕಿದೆ. ಕಾಡಿನ ಬೀಜ ನಮ್ಮ ಮಾತು ಕೇಳುವುದಿಲ್ಲ. ಸಾಲ ತೆಗೆದು ಸಾವಿರ ಬೀಜ ಬಿತ್ತಿ, ಅದರಲ್ಲಿ ಐವತ್ತು ಮಾತ್ರ ಹುಟ್ಟಿದರೆ, ಕಂತು ಕಟ್ಟಲಿಕ್ಕೆ ಏನು ಮಾಡತೀರಿ? ಆದ್ದರಿಂದ ನನ್ನ ಇವತ್ತಿನ ಮಾತು ಇಷ್ಟೇ: ಸಾಲ ಕೇಳುವ ಮುಂಚೆ ನೂರು ಬೀಜ ಬಿತ್ತಿ ನೋಡಿರಿ.

ಮಡಕಿ ಕಾಳು ಮತ್ತು ಕಾಡಿನ ಬೀಜ

ಉಸಳಿ ಮಾಡಲಿಕ್ಕೆ ಮಡಕಿ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಎಲ್ಲ ಕಾಳೂ ಒಟ್ಟಿಗೆ ಮೊಳಕೆ ಬರುತ್ತವೆ. ಹೌದಲ್ರೀ? ಇದಕ್ಕೆ ಕಾರಣ ನಮ್ಮ ಹಿರಿಯರು. ಸಾವಿರಾರು ವರ್ಷಗಳಿಂದ ರೈತರು ಬೇಗ ಹುಟ್ಟಿದ, ಒಟ್ಟಿಗೆ ಹುಟ್ಟಿದ ಗಿಡದ ಕಾಳನ್ನೇ ಮತ್ತೆ ಬಿತ್ತುತ್ತ ಬಂದರು. ಹಿಂದೆ ಬಿದ್ದವು ಉಳಿಯಲಿಲ್ಲ.

ಕಾಡಿನ ಬೀಜವನ್ನು ಯಾರೂ ಹೀಗೆ ಆರಿಸಿಲ್ಲ. ಅದು ಒಟ್ಟಿಗೆ ಹುಟ್ಟಿದರೆ ಅದಕ್ಕೇ ನಷ್ಟ. ಏಪ್ರಿಲ್‌ನಲ್ಲಿ ಒಂದು ಅಡ್ಡಮಳೆ ಬಂತೆಂದು ಎಲ್ಲ ಬೀಜ ಮೊಳೆತು, ಆಮೇಲೆ ತಿಂಗಳು ಬಿಸಿಲು ಕಾಯ್ದರೆ ಇಡೀ ವಂಶವೇ ಒಣಗಿ ಹೋದೀತು. ಅದಕ್ಕಾಗಿ ಒಂದೇ ಗಿಡದ ಬೀಜಗಳಲ್ಲಿ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ, ಕೆಲವು ಅದರ ಆಚೆ ಹುಟ್ಟುತ್ತವೆ. ಮನೆಯ ದುಡ್ಡನ್ನೆಲ್ಲ ಒಂದೇ ದಿನ ಖರ್ಚು ಮಾಡದೆ ವಾರ ವಾರ ಸಂಘದಲ್ಲಿ ಇಡುವ ಬುದ್ಧಿ ನಿಮಗಿದೆ. ಬೀಜಕ್ಕೂ ಅದೇ ಬುದ್ಧಿ. ಆದ್ದರಿಂದ ಹದಿನೈದು ದಿನದಲ್ಲಿ ಹುಟ್ಟಲಿಲ್ಲವೆಂದು ಕುಂಡಿಯ ಮಣ್ಣು ಚೆಲ್ಲಬೇಡಿರಿ. ಇಸ್ರೇಲ್ ದೇಶದ ಮಸಾಡಾ ಕೋಟೆಯ ಅವಶೇಷಗಳಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಮೊಳೆತು ಗಿಡವಾಯಿತು. ಎಲ್ಲ ಬೀಜವೂ ಅಷ್ಟು ಕಾಲ ಬದುಕುವುದಿಲ್ಲ. ಕೆಲವು ಕೆಲವೇ ವಾರಗಳಲ್ಲಿ ಸಾಯುತ್ತವೆ. ಯಾವ ಬೀಜ ಯಾವ ಜಾತಿಯದು ಎಂದು ತಿಳಿಯುವುದೇ ಈ ಕೆಲಸದ ಅರ್ಧ ಭಾಗ.

ಬೀಜ ತರುವುದು

ಮೊದಲು ಕಾನೂನು. ಖಾನಾಪುರ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಗಿದೆ. ಅಲ್ಲಿಂದ ಗಿಡವನ್ನಾಗಲಿ ಬೀಜವನ್ನಾಗಲಿ ತರುವಂತಿಲ್ಲ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಮುಂದೆ ಹೋಗಿರಿ. ನಮಗೆ ಬೇಕಾದಷ್ಟು ಬೀಜ ನಿಮ್ಮ ಹೊಲದ ಬದುವಿನಲ್ಲಿ, ಬೇಲಿಯಲ್ಲಿ, ಹಿತ್ತಲಲ್ಲಿ ಸಿಗುತ್ತದೆ.

ಕಾಯಿ ಪೂರ್ತಿ ಬಲಿತು ಬಣ್ಣ ತಿರುಗಿದ ಮೇಲೆ ಬಿಡಿಸಿರಿ. ಹಸಿರು ಕಾಯಿಯೊಳಗಿನ ಬೀಜ ಎಳೆಗೂಸು ಇದ್ದ ಹಾಗೆ. ಹತ್ತು ಕಾಯಿ ಇದ್ದರೆ ಒಂದು ತೆಗೆದು ಒಂಬತ್ತು ಬಿಡಿರಿ. ಒಂದೇ ಗಿಡದಿಂದ ತೆಗೆಯದೆ ಹತ್ತಾರು ಗಿಡಗಳಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಒಂದು ಗಿಡಕ್ಕೆ ರೋಗ ತಾಳುವ ಗುಣ ಇರಬಹುದು, ಇನ್ನೊಂದಕ್ಕೆ ಬಿಸಿಲು ತಾಳುವ ಗುಣ; ಎರಡೂ ನಮ್ಮ ಅಂಗಳಕ್ಕೆ ಬರಲಿ. ಗಡ್ಡೆಗೆ ಮಾತ್ರ ಕೈ ಹಚ್ಚಬೇಡಿರಿ. ಗಡ್ಡೆ ಕೊಳ್ಳುತ್ತೇವೆಂದು ಯಾರಾದರೂ ಊರಿಗೆ ಬಂದರೂ ಇದೇ ಉತ್ತರ ಕೊಡಿರಿ.

ತಂದ ಬೀಜವನ್ನು ನೆರಳಿನಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಅಥವಾ ಅರಿವೆಯ ಚೀಲದಲ್ಲಿ ಇಡಿರಿ. ಪ್ಲಾಸ್ಟಿಕ್ ಚೀಲದಲ್ಲಿ ಹಸಿ ಕುಳಿತು ಬೂಸು ಬರುತ್ತದೆ. ಹೂವಿನ ಹೆಸರು, ಜಾಗ, ತಾರೀಖು ಮೂರನ್ನೂ ಪೊಟ್ಟಣದ ಮೇಲೆ ಬರೆಯಿರಿ.

ಮೂರು ಬೀಗ, ಮೂರು ಕೀಲಿ

ಬೀಜ ಹುಟ್ಟದಿರಲು ಮುಖ್ಯವಾಗಿ ಮೂರು ಕಾರಣಗಳಿವೆ. ಅವನ್ನು ಮೂರು ಬೀಗ ಎಂದುಕೊಳ್ಳಿ.

ಮೊದಲನೆಯದು ಗಟ್ಟಿ ಸಿಪ್ಪೆ. ನೀರು ಒಳಗೆ ಹೋಗುವುದೇ ಇಲ್ಲ. ಬೇಲಿಯ ಮೇಲೆ ಹಬ್ಬುವ ನೀಲಿ ಶಂಖಪುಷ್ಪದ ಬೀಜ ಇದಕ್ಕೆ ಉದಾಹರಣೆ. ಬೀಜದ ಒಂದು ಬದಿಯನ್ನು ಪಾಲಿಶ್ ಕಾಗದದ ಮೇಲೆ ಮೆಲ್ಲಗೆ ಉಜ್ಜಿರಿ. ಮೊಳಕೆ ಬರುವ ಕಣ್ಣಿನ ಕಡೆ ಉಜ್ಜಬೇಡಿರಿ. ಇಲ್ಲವೇ ನೀರು ಕುದಿಸಿ, ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಬೀಜ ಹಾಕಿ ರಾತ್ರಿಯಿಡೀ ಬಿಡಿರಿ. ಒಲೆಯ ಮೇಲೆ ಇಟ್ಟು ಕುದಿಸಿದರೆ ಬೀಜ ಬೆಂದುಹೋಗುತ್ತದೆ. ಬೆಳಿಗ್ಗೆ ಉಬ್ಬಿದ ಬೀಜ ಬಿತ್ತಿರಿ, ಉಬ್ಬದವನ್ನು ಮತ್ತೆ ಉಜ್ಜಿ ನೆನೆಸಿರಿ.

ಎರಡನೆಯದು ತಿರುಳು. ಕೇಪಳದಂಥ ಹಣ್ಣಿನ ತಿರುಳಿನಲ್ಲಿ ಬೀಜವನ್ನು ಮೊಳೆಯದಂತೆ ತಡೆಯುವ ಅಂಶ ಇರುತ್ತದೆ. ಹಣ್ಣಿನೊಳಗೇ ಮೊಳೆತರೆ ಬೀಜ ತಾಯಿಯ ಕಾಲಬುಡದಲ್ಲೇ ಉಳಿದುಹೋಗುತ್ತದಲ್ಲ. ಕಾಡಿನಲ್ಲಿ ಹಕ್ಕಿ ಹಣ್ಣು ತಿಂದು ಬೀಜವನ್ನು ತೊಳೆದು ಬೀಳಿಸುತ್ತದೆ. ಮನೆಯಲ್ಲಿ ಆ ಕೆಲಸ ನಾವು ಮಾಡಬೇಕು. ತಿರುಳು ಕಿವುಚಿ, ಜರಡಿಯಲ್ಲಿ ನಾಲ್ಕಾರು ಸಲ ತೊಳೆದು, ಒಣಗಿಸಿ ವರ್ಷಗಟ್ಟಲೆ ಇಡದೆ ಬೇಗನೆ ಬಿತ್ತಿರಿ.

ಮೂರನೆಯದು ಕಾಲ. ಬೀಜ ಹೊರಗೆ ಬಲಿತಂತೆ ಕಂಡರೂ ಒಳಗಿನ ಜೀವ ಇನ್ನೂ ಬೆಳೆಯಬೇಕಾಗಿರುತ್ತದೆ. ಅಗ್ನಿಶಿಖೆ ಇಂಥದ್ದು. ಇದಕ್ಕೆ ತಾಳ್ಮೆಯೇ ಕೀಲಿ. ಒಣಗಿಸಿ ಇಟ್ಟು ಮುಂದಿನ ಮಳೆಗಾಲಕ್ಕೆ ಬಿತ್ತಬೇಕು.

ಬಿತ್ತುವ ಕ್ರಮ

ಕೆಂಪು ಮಣ್ಣು, ಉಸುಕು, ಚೆನ್ನಾಗಿ ಕಳಿತ ಗೊಬ್ಬರ ಮೂರನ್ನೂ ಸಮನಾಗಿ ಕಲಸಿರಿ. ಹಸಿ ಸಗಣಿ ಹಾಕಬೇಡಿರಿ. ಮಣ್ಣಿನ ಕುಂಡಿ ಒಳ್ಳೆಯದು. ಅದರ ಗೋಡೆಯೊಳಗಿಂದ ಗಾಳಿ ಆಡುತ್ತದೆ, ಹೆಚ್ಚಾದ ನೀರು ಆರುತ್ತದೆ. ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾದದ್ದು, ಕುಂಬಾರಿಕೆ ಕಲಿಸುವ ಕೇಂದ್ರ ಸರಕಾರದ ಸಂಸ್ಥೆಯೇ ಅಲ್ಲಿದೆ. ಒಡೆದ ಮಡಕೆ ಕೂಡ ನಡೆಯುತ್ತದೆ. ಯಾವುದೇ ಇರಲಿ, ತಳದಲ್ಲಿ ತೂತು ಬೇಕೇ ಬೇಕು.

ಬೀಜ ಎಷ್ಟು ದಪ್ಪವೋ ಅದರ ಎರಡರಷ್ಟು ಆಳದಲ್ಲಿ ಬಿತ್ತಿರಿ. ರಾಗಿಗಿಂತ ಸಣ್ಣ ಬೀಜವಾದರೆ ಒಣ ಉಸುಕಿನಲ್ಲಿ ಬೆರೆಸಿ ಮೇಲೆಯೇ ಉದುರಿಸಿರಿ, ಮಣ್ಣು ಮುಚ್ಚಬೇಡಿರಿ. ಅಂಥ ಬಹಳ ಬೀಜಗಳಿಗೆ ಬೆಳಕು ಬೇಕು. ಮೇಲಿಂದ ತಂಬಿಗೆಯಲ್ಲಿ ನೀರು ಸುರಿದರೆ ಬೀಜ ಒಂದು ಮೂಲೆಗೆ ಹೋಗಿ ಕೂಡುತ್ತದೆ. ಕುಂಡಿಯನ್ನು ನೀರಿರುವ ಪರಾತದಲ್ಲಿ ಸ್ವಲ್ಪ ಹೊತ್ತು ಇಟ್ಟು ಕೆಳಗಿನಿಂದ ನೀರು ಹೀರಿಕೊಳ್ಳಲು ಬಿಡಿರಿ, ಆಮೇಲೆ ತೆಗೆಯಿರಿ. ದಿನವಿಡೀ ನೀರಿನಲ್ಲಿ ನಿಂತರೆ ಸಸಿಯ ಬುಡ ಕೊಳೆತು ಮಲಗಿಬಿಡುತ್ತದೆ. ಕಾಡಿನ ನೆರಳಿನಲ್ಲಿ ಹುಟ್ಟುವ ಗಿಡ ಬೆಳಗಾವಿಯ ಮಾಳಿಗೆಯ ಮೇಲಿನ ಬಿಸಿಲು ತಾಳುವುದಿಲ್ಲ. ನಗರದ ಸದಸ್ಯರು ಹಳೆಯ ಸೀರೆಯಿಂದ ನೆರಳು ಕಟ್ಟಬೇಕು.

ಮಿರಗದ ಮಳೆ ಹಿಡಿಯುವ ಹೊತ್ತಿಗೆ, ಅಂದರೆ ಜೂನ್ ಎರಡನೆಯ ವಾರದಲ್ಲಿ ಬಿತ್ತಿದರೆ ನಮ್ಮ ಅರ್ಧ ಕೆಲಸ ಮಳೆಯೇ ಮಾಡುತ್ತದೆ.

ಯಾವ ಹೂವಿನಿಂದ ಆರಂಭಿಸಬೇಕು?

ಮೊದಲು ಕರ್ಣಕುಂಡಲ. ಮರಾಠಿ ಮಾತಾಡುವವರು ಇದಕ್ಕೆ ತೇರಡಾ ಅನ್ನತಾರ. ಬಲಿತ ಕಾಯಿ ಮುಟ್ಟಿದರೆ ಸಾಕು, ಸಿಡಿದು ಬೀಜ ಚೆಲ್ಲುತ್ತದೆ. ಅದಕ್ಕೆ ಕಾಯಿ ಉಬ್ಬಿದಾಗಲೇ ಸಣ್ಣ ಅರಿವೆಯ ಚೀಲ ಕಟ್ಟಿರಿ. ಜೂನ್‌ನಲ್ಲಿ ಬಿತ್ತಿದರೆ ಒಂದೆರಡು ವಾರದಲ್ಲಿ ಹುಟ್ಟಿ, ಎರಡು ತಿಂಗಳ ಸುಮಾರಿಗೆ ಹೂ ಬಿಡುತ್ತದೆ. ಗೌರಿ-ಗಣಪತಿ ಹಬ್ಬಕ್ಕೆ ಕೈಗೆ ಬರುತ್ತದೆ. ಕಲಿಯುವವರಿಗೆ ಇದೇ ಒಂದನೆಯ ಇಯತ್ತೆ.

ಎರಡನೆಯದು ಅಗ್ನಿಶಿಖೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಬೆಂಕಿಯ ನಾಲಿಗೆಯಂಥ ಎಸಳು. ಬಳ್ಳಿಗೆ ಎಲೆಯ ತುದಿಯೇ ಕೈ. ಮಳೆಗಾಲ ಮುಗಿದ ಮೇಲೆ ಕಾಯಿ ಒಡೆದು ಕೆಂಪು ಬೀಜ ಕಾಣುತ್ತವೆ. ಮೊಳೆಯಲು ವಾರಗಳಿಂದ ತಿಂಗಳುಗಳೇ ಬೇಕು. ಮೊದಲ ವರ್ಷ ಒಂದು ಚಿಕ್ಕ ಗಡ್ಡೆ ಮಾತ್ರ ಕಟ್ಟುತ್ತದೆ. ಹೂ ನೋಡಲು ಎರಡು ಮೂರು ವರ್ಷ ಅಥವಾ ಇನ್ನೂ ಹೆಚ್ಚು ಕಾಯಬೇಕು. ತಮಿಳುನಾಡಿನ ರಾಜ್ಯಪುಷ್ಪ ಇದೇ, ಅಲ್ಲಿ ರೈತರು ಔಷಧಿ ಕಂಪನಿಗಳಿಗೆ ಬೀಜ ಮಾರಲು ಇದನ್ನು ಹೊಲದಲ್ಲೇ ಬೆಳೆಯುತ್ತಾರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಗ್ನಿಶಿಖೆಯ ಗಡ್ಡೆ, ಬೀಜ, ಇಡೀ ಗಿಡವೇ ವಿಷ. ಅದರಲ್ಲಿರುವ ಕಾಲ್ಚಿಸಿನ್ ಎಂಬ ಅಂಶದಿಂದ ಗೌಟ್ ಎಂಬ ಕೀಲುನೋವಿಗೆ ಔಷಧಿ ಮಾಡುತ್ತಾರೆ, ಅದೇ ಅಂಶ ಪ್ರಾಣವನ್ನೂ ತೆಗೆಯುತ್ತದೆ. ಗಡ್ಡೆಯನ್ನು ಗೆಣಸೆಂದು ತಿಳಿದು ತಿಂದರೆ ಜೀವಕ್ಕೇ ಅಪಾಯ. ಅಡುಗೆಯ ಪಾತ್ರೆಯಲ್ಲಿ ಬೀಜ ನೆನೆಸಬೇಡಿರಿ, ಕೈ ಸಾಬೂನಿನಿಂದ ತೊಳೆಯಿರಿ. ಚಿಕ್ಕ ಮಕ್ಕಳು, ದನಕರು ಇರುವ ಮನೆಯಲ್ಲಿ ಇದನ್ನು ಬೆಳೆಸದಿರುವುದೇ ಲೇಸು. ಮಾರುವಾಗ ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿರಿ. ಯಾರಾದರೂ ತಿಂದರೆ ಮನೆಮದ್ದು ಮಾಡುತ್ತ ಕೂಡದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಮೂರನೆಯದು ಕಾರ್ವಿ. ಗುಡಿಸಲಿನ ಗೋಡೆಗೆ ಇದರ ಕಡ್ಡಿ ಹೆಣೆಯುವುದನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಏಳೆಂಟು ವರ್ಷಕ್ಕೊಮ್ಮೆ ಗುಡ್ಡವೆಲ್ಲ ಒಟ್ಟಿಗೆ ಹೂ ಬಿಟ್ಟು, ಬೀಜ ಕಟ್ಟಿ, ಗಿಡ ಸಾಯುತ್ತದೆ. ಒಣಗಿದ ಕಾಯಿ ಮೊದಲ ಮಳೆಯ ಹನಿ ತಾಗಿದಾಗ ಚಟಚಟ ಸಿಡಿದು ಬೀಜ ಎಸೆಯುತ್ತದೆ. ಹೂವಿಗೆ ಏಳೆಂಟು ವರ್ಷ ಕಾಯುವುದರಿಂದ ವ್ಯಾಪಾರಕ್ಕೆ ಇದು ಆಗದು. ಬೋಳಾದ ಬದು, ಹಿತ್ತಲ ಇಳಿಜಾರಿನಲ್ಲಿ ಮಣ್ಣು ಹಿಡಿಯಲು ಬೆಳೆಸಬಹುದು.

"ಸಿಸ್ಟರ್, ಮರದ ಮೇಲಿನ ಸೀತೆದಂಡೆ?" ಅಂತ ಕೇಳತೀರಿ. ಆ ಜಾತಿಯ ಹೂಗಳ ಬೀಜ ಧೂಳಿನಷ್ಟು ಸಣ್ಣದು. ಅದರೊಳಗೆ ಬುತ್ತಿಯೇ ಇರುವುದಿಲ್ಲ. ಒಂದು ಬಗೆಯ ಶಿಲೀಂಧ್ರ ಜೊತೆಗೂಡಿ ಉಣಿಸಿದರೆ ಮಾತ್ರ ಕಾಡಿನಲ್ಲಿ ಮೊಳೆಯುತ್ತದೆ. ಪ್ರಯೋಗಶಾಲೆಯಲ್ಲಿ ಮೊಳೆಸುತ್ತಾರೆ, ನಮ್ಮ ಅಂಗಳದಲ್ಲಿ ಆಗುವುದಿಲ್ಲ. ಅದನ್ನು ಮರದ ಮೇಲೆಯೇ ನೋಡಿ ಸಂತೋಷಪಡೋಣ.

ನೂರು ಬೀಜದ ಲೆಕ್ಕ

ಈಗ ಸಂಘದ ಲೆಕ್ಕಕ್ಕೆ ಬರೋಣ. ಒಂದೇ ಜಾತಿಯ ನೂರು ಬೀಜ ಎಣಿಸಿರಿ. ಐವತ್ತನ್ನು ಹಾಗೆಯೇ, ಐವತ್ತನ್ನು ಉಜ್ಜಿ ಅಥವಾ ನೆನೆಸಿ, ಬೇರೆ ಬೇರೆ ಕುಂಡಿಯಲ್ಲಿ ಬಿತ್ತಿರಿ. ಬಿತ್ತಿದ ದಿನ, ಮೊದಲ ಮೊಳಕೆ ಬಂದ ದಿನ, ಒಟ್ಟು ಹುಟ್ಟಿದ್ದು, ಎರಡು ತಿಂಗಳಿಗೆ ಉಳಿದದ್ದು ಇವಿಷ್ಟನ್ನು ಉಳಿತಾಯದ ಪುಸ್ತಕದಂತೆ ಬರೆದಿಡಿರಿ.

ಉದಾಹರಣೆಗೆ, ನೂರರಲ್ಲಿ 30 ಹುಟ್ಟಿ 20 ಉಳಿದವು, ಮಣ್ಣು, ಗೊಬ್ಬರ, ಕುಂಡಿಗೆ 400 ರೂಪಾಯಿ ಹೋಯಿತು ಎನ್ನೋಣ. ಬೀಜ ನೂರು ಎಂದು ಒಂದು ಗಿಡಕ್ಕೆ 4 ರೂಪಾಯಿ ಬಿತ್ತೆಂದು ಎಣಿಸಬೇಡಿರಿ. ಉಳಿದ ಗಿಡ 20, ಆದ್ದರಿಂದ ಒಂದಕ್ಕೆ 20 ರೂಪಾಯಿ. ಅದರ ಮೇಲೆ ನಿಮ್ಮ ದುಡಿಮೆ, ಬೆಳಗಾವಿಗೆ ಒಯ್ಯುವ ಬಸ್ ಖರ್ಚು. ಅಷ್ಟು ಬೆಲೆ ಕೊಡುವವರು ಇದ್ದಾರೆಯೇ ಎಂದು ನಗರದ ಸದಸ್ಯರು ಕೇಳಿಕೊಂಡು ಬರಲಿ. ಲೆಕ್ಕ ಕೂಡಿದರೆ ಸಾಲದ ಅರ್ಜಿ ಬರೆಯಿರಿ. ಕೂಡದಿದ್ದರೆ ಹೋದದ್ದು 400 ರೂಪಾಯಿ, ಉಳಿದದ್ದು ಸಂಘದ ಹೆಸರು ಮತ್ತು ಅಂಗಳದ ತುಂಬ ಹೂ.

"ನಾವು ಶಾಲೆ ಕಲಿತಿಲ್ಲ, ಇದೆಲ್ಲ ನಮಗೆ ಆಗತದೇನು?" ಎಂದು ಯಾರೂ ಹಿಂಜರಿಯಬೇಕಾಗಿಲ್ಲ. ಪಕ್ಕದ ಉತ್ತರ ಕನ್ನಡದ ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ಸೇರಿ, ಯಾವ ತಾಯಿಮರದ ಬೀಜ ಯಾವಾಗ ತೆಗೆಯಬೇಕು, ಹೇಗೆ ಮೊಳೆಸಬೇಕು ಎಂಬುದನ್ನು ಕೈಯಿಂದಲೇ ಕಲಿತರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ದೂರದ ಕೀನ್ಯಾದಲ್ಲಿ ವಂಗಾರಿ ಮಾಥಾಯ್ 1977ರಲ್ಲಿ ಆರಂಭಿಸಿದ ಹಸಿರು ಪಟ್ಟಿ ಚಳವಳಿಯಲ್ಲಿಯೂ ಸಸಿ ಬೆಳೆಸಿದವರು ಹಳ್ಳಿಯ ಹೆಣ್ಣುಮಕ್ಕಳೇ. ಅಲ್ಲಿ ಮಹಿಳೆಯರಿಗೆ ಸಣ್ಣ ಮೊತ್ತ ಸಿಗುತ್ತಿದ್ದದ್ದು ಬದುಕಿ ಉಳಿದ ಸಸಿಗೆ. ನಮ್ಮ ಲೆಕ್ಕವೂ ಅದೇ ಆಗಿರಲಿ.

ಬರುವ ತಿಂಗಳ ಸಭೆಗೆ ಪ್ರತಿಯೊಂದು ಸಂಘವೂ ತಮ್ಮ ಊರಿನ ಬದುವಿನಲ್ಲಿ ಯಾವ ಹೂ ಯಾವಾಗ ಬಲಿಯುತ್ತದೆ ಎಂಬ ಪಟ್ಟಿ ಬರೆದು ತರಬೇಕು. ಹಿರಿಯ ಅಜ್ಜಿಯರನ್ನು ಕೇಳಿರಿ, ಅವರಿಗೆ ಗೊತ್ತಿರುತ್ತದೆ. ನಗರದ ಸಂಘಗಳು ಗಿಡ ಕೊಳ್ಳುವ ಹತ್ತು ಮನೆಗಳ ಹೆಸರು ತರಲಿ. ಎರಡನ್ನೂ ಕೂಡಿಸಿ, ಯಾವ ನೂರು ಬೀಜ ಬಿತ್ತಬೇಕೆಂದು ಅಂದೇ ತೀರ್ಮಾನಿಸೋಣ.