ವಕೀಲರಿಲ್ಲದ ಊರಿನಲ್ಲಿ ವಲಸೆ ಕಾನೂನು

ಅಮೆರಿಕದಲ್ಲಿ ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು. ಅದೇ ಮನುಷ್ಯನನ್ನು ದೇಶದಿಂದ ಹೊರಹಾಕುವ ಮೊಕದ್ದಮೆಯಲ್ಲಿ ಮಾತ್ರ ಆ ಹೊಣೆ ಸರ್ಕಾರಕ್ಕಿಲ್ಲ. ವಕೀಲರನ್ನು ಇಟ್ಟುಕೊಳ್ಳಿ, ಖರ್ಚು ನಿಮ್ಮದು ಎನ್ನುತ್ತದೆ ಅಲ್ಲಿನ ವಲಸೆ ಕಾಯ್ದೆ. ಇಂಗ್ರಿಡ್ ಈಗ್ಲಿ ಮತ್ತು ಸ್ಟೀವನ್ ಶೇಫರ್ ಅವರು 2007ರಿಂದ 2012ರವರೆಗಿನ ಮೊಕದ್ದಮೆಗಳನ್ನು ಜಾಲಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಕೀಲರ ನೆರವು ದೊರೆತದ್ದು ಶೇ. 37 ಜನರಿಗೆ. ದೊಡ್ಡ ನಗರಗಳಲ್ಲಿ ವಿಚಾರಣೆ ನಡೆದವರಿಗೆ ಈ ನೆರವು ಸಿಕ್ಕ ಪ್ರಮಾಣ ಸಣ್ಣ ಊರು, ಹಳ್ಳಿಗಾಡಿನವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಆದರೆ ಹೈನುಗಾರಿಕೆ, ತೋಟದ ಕೆಲಸ, ಮಾಂಸದ ಕಾರ್ಖಾನೆ ಇವೆಲ್ಲ ಇರುವುದು ಹಳ್ಳಿಗಾಡಿನಲ್ಲೇ. ಈ ಕೆಲಸಗಳಲ್ಲಿ ದುಡಿಯುವವರಲ್ಲಿ ವಲಸಿಗರು ಬಹಳ. ಅಯೋವಾ ರಾಜ್ಯದ ವಲಸೆ ಮೊಕದ್ದಮೆಗಳು ನಡೆಯುವುದು ಪಕ್ಕದ ನೆಬ್ರಾಸ್ಕಾದ ಒಮಾಹಾ ನಗರದಲ್ಲಿ. ನಗರದ ವಕೀಲರು ಹಳ್ಳಿಗೆ ಬಂದಾರೆಂದು ಕಾಯುವುದಕ್ಕಿಂತ ಹಳ್ಳಿಯವರನ್ನೇ ತರಬೇತುಗೊಳಿಸುವುದು ಲೇಸು ಎಂಬುದು ನನ್ನ ವಾದ.

ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ವಕೀಲಿ ಓದದವರಿಗೂ ಅಲ್ಲಿನ ನ್ಯಾಯ ಇಲಾಖೆ 'ಮಾನ್ಯತೆ ಪಡೆದ ಪ್ರತಿನಿಧಿ' ಎಂಬ ಸ್ಥಾನ ಕೊಡುತ್ತದೆ. ಭಾಗಶಃ ಮಾನ್ಯತೆ ಪಡೆದವರು ವಲಸೆ ಇಲಾಖೆಯ ಅರ್ಜಿ, ಸಂದರ್ಶನಗಳಲ್ಲಿ ಕಕ್ಷಿದಾರರ ಪರ ನಿಲ್ಲಬಹುದು. ಪೂರ್ಣ ಮಾನ್ಯತೆ ಇದ್ದರೆ ವಲಸೆ ನ್ಯಾಯಾಲಯದಲ್ಲೂ ವಾದಿಸಬಹುದು. ನಮ್ಮ ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರಿಗೆ ಇಷ್ಟು ಅಧಿಕಾರವಿಲ್ಲ. ಅವರು ದಾರಿ ತೋರಿಸುತ್ತಾರೆ, ವಾದಿಸುವುದಿಲ್ಲ. ಅಮೆರಿಕದಲ್ಲಿ ಪ್ರತಿನಿಧಿಯಾಗಬಯಸುವವರು ತರಬೇತಿಗಾಗಿ ಊರು ಬಿಡಬೇಕಾಗಿಯೂ ಇಲ್ಲ. ವಿಲನೋವಾ ವಿಶ್ವವಿದ್ಯಾಲಯ 2020ರಲ್ಲಿ ಆರಂಭಿಸಿದ ಕೋರ್ಸನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಕಲಿಯಬಹುದು.

ಅರೆಬರೆ ಕಲಿತವರ ಕೈಗೆ ಒಬ್ಬರ ಬದುಕನ್ನು ಒಪ್ಪಿಸಬಹುದೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ವಲಸೆ ಕಾನೂನಿನಲ್ಲಿ ಒಂದು ಗುರುತೂ ಮುಳುವಾಗಬಲ್ಲದು. ಕೆಲಸಕ್ಕೆ ಸೇರುವಾಗ ತುಂಬುವ ಐ-9 ಫಾರಂನಲ್ಲಿ 'ನಾನು ಅಮೆರಿಕದ ಪ್ರಜೆ' ಎಂಬ ಚೌಕಕ್ಕೆ ಸುಳ್ಳಾಗಿ ಗುರುತು ಹಾಕಿದವರಿಗೆ ಗ್ರೀನ್ ಕಾರ್ಡಿನ ಬಾಗಿಲು ಬಹುಮಟ್ಟಿಗೆ ಜೀವನಪರ್ಯಂತ ಮುಚ್ಚಿದಂತೆ. ಇನ್ನೊಂದು ಉದಾಹರಣೆ ನೋಡಿ. ಗಡಿ ದಾಟಿ ಬಂದ ಮೆಕ್ಸಿಕೋದವನೊಬ್ಬ, ಅವನ ಹೆಂಡತಿ ಅಮೆರಿಕದ ಪ್ರಜೆ. ಆಕೆ ಹಾಕಿದ ಅರ್ಜಿ ಮಂಜೂರಾಗಿದೆ, ವೀಸಾ ಸಂದರ್ಶನಕ್ಕೆ ಅವನು ಮೆಕ್ಸಿಕೋಗೆ ಹೋಗಬೇಕು. ಆದರೆ ಒಂದು ವರ್ಷ ಅಥವಾ ಹೆಚ್ಚು ಕಾಲ ಅನುಮತಿಯಿಲ್ಲದೆ ಇದ್ದವನು ಹೊರಗೆ ಕಾಲಿಟ್ಟ ಗಳಿಗೆಯಲ್ಲೇ ಹತ್ತು ವರ್ಷದ ನಿಷೇಧಕ್ಕೆ ಸಿಕ್ಕಿಬೀಳುತ್ತಾನೆ. 1996ರ ಕಾಯ್ದೆ ಮಾಡಿದ ಕಟ್ಟು ಇದು. ಈ ನಿಷೇಧದಿಂದ ವಿನಾಯಿತಿಯನ್ನು ದೇಶ ಬಿಡುವ ಮೊದಲೇ ಕೇಳಿಕೊಳ್ಳುವ ಅವಕಾಶ 2013ರಿಂದ ಇದೆ. ಅದು ಗೊತ್ತಿಲ್ಲದೆ ಬಸ್ಸು ಹತ್ತಿದವನು ಹೆಂಡತಿ ಮಕ್ಕಳಿಂದ ದೂರವಾಗುತ್ತಾನೆ. ತಾಲೂಕು ಕಚೇರಿ ಮುಂದೆ ಕೂತು ಅರ್ಜಿ ಬರೆದುಕೊಡುವವರಂತೆ ಇಲ್ಲಿ ಬರೀ ಖಾಲಿ ಜಾಗ ತುಂಬಿದರೆ ಸಾಲದು. ಯಾವಾಗ ಬಂದಿರಿ, ಹೇಗೆ ಬಂದಿರಿ, ನಡುವೆ ಹೊರಗೆ ಹೋಗಿದ್ದಿರಾ, ಎಂದಾದರೂ ಬಂಧನವಾಗಿತ್ತೇ, ಇವನ್ನೆಲ್ಲ ಕೇಳಿ ಮುಗಿಸುವವರೆಗೆ ಪೆನ್ನು ಮುಟ್ಟಬಾರದು. ತರಬೇತಿಯ ಜೀವಾಳ ಇದು. ಎಷ್ಟೋ ಸಲ 'ಈಗ ಅರ್ಜಿ ಹಾಕಬೇಡಿ' ಎನ್ನುವುದೇ ಸರಿಯಾದ ಸಲಹೆ.

ಆಕ್ಷೇಪ ಎತ್ತುವವರು ಒಂದನ್ನು ಮರೆಯುತ್ತಾರೆ. ಹಳ್ಳಿಯಲ್ಲಿ ಈ ಪ್ರತಿನಿಧಿ ಇಲ್ಲವೆಂದರೆ ಆ ಜಾಗಕ್ಕೆ ನುರಿತ ವಕೀಲರು ಬಂದು ಕೂರುವುದಿಲ್ಲ, ನೋಟರಿ ಮೊಹರು ತೋರಿಸಿ ಸಾವಿರಾರು ಡಾಲರ್ ಕೀಳುವ ದಲ್ಲಾಳಿ ಬರುತ್ತಾನೆ. ಅವನಿಗೆ ಮೇಲ್ವಿಚಾರಣೆ ಇಲ್ಲ, ಪರೀಕ್ಷೆಯೂ ಇಲ್ಲ. ಪ್ರತಿನಿಧಿಗಾದರೋ ಲಾಭದಾಸೆಯಿಲ್ಲದ ಸಂಸ್ಥೆಯೊಂದು ಬೆನ್ನಿಗಿರಬೇಕು, ಕಷ್ಟದ ಪ್ರಶ್ನೆ ಬಂದಾಗ ಕೇಳಲು ಬಲ್ಲವರಿರಬೇಕು, ಮೂರು ವರ್ಷಕ್ಕೊಮ್ಮೆ ಮಾನ್ಯತೆ ನವೀಕರಿಸಬೇಕು.

ಅಯೋವಾದ ಪೋಸ್ಟ್‌ವಿಲ್‌ನಲ್ಲಿ ನಡೆದಂಥದ್ದು ನಡೆದರೆ ಇವರಿಂದೇನು ಪ್ರಯೋಜನ ಎಂದು ಕೇಳಬಹುದು. 2008ರ ಮೇ 12ರಂದು ಆ ಪುಟ್ಟ ಊರಿನ ಮಾಂಸದ ಕಾರ್ಖಾನೆಯ ಮೇಲೆ ದಾಳಿಯಾಗಿ 389 ಜನರ ಬಂಧನವಾಯಿತು. ವಾಟರ್‌ಲೂ ಪಟ್ಟಣದ ದನದ ಪ್ರದರ್ಶನ ಮೈದಾನದಲ್ಲೇ ತಾತ್ಕಾಲಿಕ ನ್ಯಾಯಾಲಯ ಹೂಡಿ, ತಪ್ಪೊಪ್ಪಿಕೊಳ್ಳಲು ಏಳು ದಿನ ಗಡುವು ಕೊಟ್ಟರು. ಅದು ಕ್ರಿಮಿನಲ್ ನ್ಯಾಯಾಲಯ. ಪ್ರತಿನಿಧಿಗೆ ಅಲ್ಲಿ ಮಾತಾಡುವ ಹಕ್ಕೇ ಇಲ್ಲ. ಒಪ್ಪಬೇಕಾದ ಮಾತು. ಆದರೆ ಅಂಥ ದಿನಕ್ಕೆ ಮುಂಚಿನ ವರ್ಷಗಳಲ್ಲಿ, ಯಾರಿಗೆ ಯಾವ ಹಕ್ಕಿದೆ ಎಂದು ಪತ್ತೆಹಚ್ಚಿಡುವ ಕೆಲಸ ಅವರದೇ. ಆಶ್ರಯ ಕೋರುವವರು ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ನಿಯಮವೊಂದನ್ನು ಹೊತ್ತಿಗೆ ಸರಿಯಾಗಿ ಹೇಳಿದರೂ ಕೆಲವರ ದಾರಿ ಉಳಿಯುತ್ತದೆ.

ನನ್ನ ಆತಂಕ ಬೇರೆ ಕಡೆಯಿದೆ. ಮಾನ್ಯತೆಗೆ ವ್ಯಕ್ತಿ ತಾನೇ ಅರ್ಜಿ ಹಾಕುವಂತಿಲ್ಲ, ಸಂಸ್ಥೆಯೇ ಹಾಕಬೇಕು. ಸಂಸ್ಥೆ ಬಿಟ್ಟರೆ ಮಾನ್ಯತೆಯೂ ಹೋಗುತ್ತದೆ. ಹಳ್ಳಿಯ ಚರ್ಚೋ ಸೇವಾಕೇಂದ್ರವೋ ಅನುದಾನ ನಿಂತು ಬಾಗಿಲು ಹಾಕಿದರೆ, ಕಲಿತವರು ಊರಲ್ಲೇ ಇದ್ದರೂ ಅರ್ಜಿಗೆ ಸಹಿ ಹಾಕಲಾರರು. ಕೋರ್ಸಿನ ಶುಲ್ಕ ಕಟ್ಟಲು ದಾನಿಗಳು ಸಿಗುವುದು ಸುಲಭ. ಅದಾದ ಮೇಲೆ ವರ್ಷವರ್ಷವೂ ಆ ಪ್ರತಿನಿಧಿಯ ಸಂಬಳ ಯಾರು ಕೊಡುತ್ತಾರೆ ಎಂಬುದನ್ನು ಅವರನ್ನು ಕೋರ್ಸಿಗೆ ಸೇರಿಸುವ ಮೊದಲೇ ಇತ್ಯರ್ಥ ಮಾಡಿಕೊಂಡಿರಬೇಕು.